ಶಿಪ್‌ರಾಕ್‌ನ ಹೆಂಗಸರು

1969. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯ, ನವಾಹೊ ಮೂಲನಿವಾಸಿಗಳ ನೆಲ. ಶಿಪ್‌ರಾಕ್ ಊರಿನಲ್ಲಿ, ಫೇರ್‌ಚೈಲ್ಡ್ ಎಂಬ ಚಿಪ್ ಕಂಪನಿಯ ಕಾರ್ಖಾನೆಯೊಳಗೆ ನಿಂತಿದ್ದೀರಿ. ಹೊರಗೆ ಒಣ ಬಯಲು, ದೂರದಲ್ಲಿ ಊರಿಗೆ ಹೆಸರು ಕೊಟ್ಟ ಹೆಬ್ಬಂಡೆ. ಒಳಗೆ ಸಾಲು ಸಾಲು ಬೆಂಚು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತ ಹೆಂಗಸರು.

ಒಬ್ಬಾಕೆಯ ಪಕ್ಕಕ್ಕೆ ಹೋಗಿ. ಮಸೂರದ ಕೆಳಗೆ ಸಿಲಿಕಾನ್ ಚೂರು. ಕೂದಲಿಗಿಂತ ತೆಳ್ಳಗಿನ ತಂತಿಯ ಒಂದು ತುದಿಯನ್ನು ಅದರ ಮೇಲೆ, ಇನ್ನೊಂದನ್ನು ಹೊರಗಿನ ಲೋಹದ ಕಾಲಿಗೆ ಬೆಸೆಯುತ್ತಾಳೆ. ಕೈ ಎಳ್ಳಷ್ಟು ಅದುರಿದರೂ ಚಿಪ್ ಕೆಟ್ಟಂತೆ. ಅದುರುವುದಿಲ್ಲ. ಮುಂದಿನದನ್ನು ಎಳೆದುಕೊಳ್ಳುತ್ತಾಳೆ.

ಈ ಕಂಪನಿಯನ್ನು 1957ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದವರು ಎಂಟು ಜನ. ಅಷ್ಟೂ ಜನ ಬಿಳಿಯ ಗಂಡಸರು. 1965ರಲ್ಲಿ ಅದು ಇಲ್ಲಿಗೂ ಕಾಲಿಟ್ಟಿತು. ಇಲ್ಲಿ ಕೂಲಿ ಕಡಿಮೆ, ತರಬೇತಿಗೆ ಸರ್ಕಾರದ ನೆರವೂ ಉಂಟು. ಈಗ ದುಡಿಯುವ ನೂರಾರು ಮಂದಿ ನವಾಹೊಗಳಲ್ಲಿ ಬಹುಪಾಲು ಹೆಂಗಸರೇ.

ಕಾರ್ಖಾನೆಯ ಉದ್ಘಾಟನೆಗೆಂದು ಅಚ್ಚಾದ ಪುಸ್ತಿಕೆಯೊಂದು ನಿಮ್ಮ ಕೈಗೆ ಬರುತ್ತದೆ. ಅದರಲ್ಲಿ ನವಾಹೊ ಜಮಖಾನೆಯ ಚಿತ್ತಾರ. ಅದಕ್ಕೂ ಚಿಪ್‌ನ ವಿನ್ಯಾಸಕ್ಕೂ ಹೋಲಿಕೆ. ಈ ಜನಕ್ಕೆ ಕೈಚಳಕ ಹುಟ್ಟಿನಿಂದಲೇ ಬಂದದ್ದೆಂಬ ಮಾತು. ಓದಲು ಹಿತವಾಗಿದೆ. ಆದರೆ ಪುಸ್ತಿಕೆ ಮಡಚಿ ಮತ್ತೆ ಆಕೆಯ ಬೆರಳುಗಳನ್ನು ನೋಡಿ: ಗಮನವಿಟ್ಟು ಕಲಿತ ವಿದ್ಯೆ ಇದು. ವಿದ್ಯೆಯನ್ನು ಹುಟ್ಟುಗುಣ ಎಂದುಬಿಟ್ಟರೆ ಅದಕ್ಕೆ ತಕ್ಕ ಸಂಬಳವನ್ನಾಗಲಿ ಬಡ್ತಿಯನ್ನಾಗಲಿ ಕೊಡುವ ಹಂಗೇ ಉಳಿಯುವುದಿಲ್ಲ.

ಈಗ 1975ರ ಫೆಬ್ರವರಿಗೆ ಬನ್ನಿ. ಇದೇ ಕಾರ್ಖಾನೆ, ಕೆಲಸ ಸ್ತಬ್ಧ. ನೂರಕ್ಕೂ ಹೆಚ್ಚು ನವಾಹೊ ಕೆಲಸಗಾರರನ್ನು ಮನೆಗೆ ಕಳಿಸಲಾಗಿದೆ. ಅದನ್ನು ಪ್ರತಿಭಟಿಸಿ, ಮೂಲನಿವಾಸಿಗಳ ಹಕ್ಕಿಗಾಗಿ ಹೋರಾಡುವ ಅಮೆರಿಕನ್ ಇಂಡಿಯನ್ ಮೂವ್‌ಮೆಂಟ್ ಸಂಘಟನೆಯವರು ಬಂದೂಕು ಹಿಡಿದು ಕಟ್ಟಡದೊಳಗೆ ಕೂತಿದ್ದಾರೆ. ಸುಮಾರು ವಾರದ ಬಳಿಕ ಅವರು ಹೊರಬರುತ್ತಾರೆ. ಕಂಪನಿ ಕಾರ್ಖಾನೆಯನ್ನೇ ಮುಚ್ಚುತ್ತದೆ. ಹತ್ತು ವರ್ಷ ಈ ಬೆಂಚುಗಳಲ್ಲಿ ದುಡಿದವರು ನವಾಹೊ ಹೆಂಗಸರು. ಮುಚ್ಚುವ ತೀರ್ಮಾನ ಮಾತ್ರ ಇವರದಲ್ಲ.

ತಂತ್ರಜ್ಞಾನದ ಕೆಲಸದಲ್ಲಿ ಹೆಂಗಸರೆಷ್ಟು, ಹಿಂದುಳಿಸಲ್ಪಟ್ಟ ಸಮುದಾಯಗಳವರೆಷ್ಟು ಎಂದು ನಾವಿಂದು ತಲೆ ಎಣಿಸುತ್ತೇವೆ. ಎಣಿಸಲೇಬೇಕು. ಆದರೆ ಬರೀ ತಲೆ ಎಣಿಸಿದರೆ ಶಿಪ್‌ರಾಕ್‌ಗೆ ಪೂರ್ತಿ ಅಂಕ ಸಿಕ್ಕಿಬಿಡುತ್ತದೆ. ಆದ್ದರಿಂದ ಇನ್ನೊಂದು ಲೆಕ್ಕವನ್ನೂ ಕೇಳೋಣ: ಚಿಪ್‌ನ ವಿನ್ಯಾಸ ಮಾಡುವವರಲ್ಲಿ, ಸಂಬಳ ಗೊತ್ತುಮಾಡುವವರಲ್ಲಿ, ಬಾಗಿಲು ಮುಚ್ಚುವ ಅಧಿಕಾರ ಉಳ್ಳವರಲ್ಲಿ ಅವರೆಷ್ಟು ಮಂದಿ?