ಮಿದುಳಿನ ಚಿತ್ರ ಸರಿಯಾಗಿ ಬರಬೇಕಾದರೆ

ಫಿಟ್ಸ್ ಬಂದವರ ಕೈಗೆ ಕಬ್ಬಿಣದ ಕೀಲಿಕೈ ಕೊಡುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು ನಮ್ಮ ಸಂಶಿಯ ಕಡೆ ಇನ್ನೂ ನಿಂತಿಲ್ಲ. ನನ್ನ ಅಕ್ಕನ ಮಗಳಿಗೂ ಇದೆಲ್ಲ ನಡೆಯಿತು. ಆಮೇಲೆ ಹುಬ್ಬಳ್ಳಿಯ ವೈದ್ಯರಲ್ಲಿ ತೋರಿಸಿದೆವು. ಎರಡು ಬಗೆಯ ಗುಳಿಗೆ ಕೊಟ್ಟರೂ ಫಿಟ್ಸ್ ಹತೋಟಿಗೆ ಬರಲಿಲ್ಲ. ಆಪರೇಶನ್ ಮಾಡಬಹುದೇ ಎಂದು ತಿಳಿಯಲು ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದೊಯ್ದೆವು. ಪೆಟ್ ಮತ್ತು ಎಂ.ಆರ್.ಐ. ಎರಡನ್ನೂ ಒಟ್ಟಿಗೆ ಮಾಡುವ ಯಂತ್ರ ಅಲ್ಲಿದೆ.

ಎಂ.ಆರ್.ಐ. ಮಿದುಳಿನ ಆಕಾರವನ್ನು ತೋರಿಸುತ್ತದೆ, ಪೆಟ್ ಅದರ ಕೆಲಸವನ್ನು ತೋರಿಸುತ್ತದೆ. ಪೆಟ್‌ಗಾಗಿ ಸಕ್ಕರೆಯಂಥ ಪದಾರ್ಥಕ್ಕೆ ವಿಕಿರಣ ಸೂಸುವ ಫ್ಲೋರಿನ್ ಸೇರಿಸಿ ರಕ್ತನಾಳಕ್ಕೆ ಚುಚ್ಚುತ್ತಾರೆ. ಸುಮಾರು 110 ನಿಮಿಷಕ್ಕೊಮ್ಮೆ ಅದರ ವಿಕಿರಣ ಅರ್ಧಕ್ಕಿಳಿಯುತ್ತದೆ. ಫಿಟ್ಸ್ ಹುಟ್ಟುವ ಜಾಗವು ಬೇರೆ ಹೊತ್ತಿನಲ್ಲಿ ಸಾಮಾನ್ಯವಾಗಿ ಕಡಿಮೆ ಸಕ್ಕರೆ ಹೀರುವುದರಿಂದ ಚಿತ್ರದಲ್ಲಿ ಮಂಕಾಗಿ ಕಾಣುತ್ತದೆ.

ತೊಡಕು ಇರುವುದು ಇಲ್ಲೇ. ಒಳಗಿನಿಂದ ಬರುವ ಕಿರಣಗಳಲ್ಲಿ ಕೆಲವನ್ನು ತಲೆಬುರುಡೆ ತಡೆಯುತ್ತದೆ. ಎಷ್ಟು ತಡೆಯಿತೆಂದು ಕಂಪ್ಯೂಟರ್ ಲೆಕ್ಕ ಹಾಕಿ ಸರಿಪಡಿಸಬೇಕು. ಸಿ.ಟಿ.ಯಲ್ಲಿ ಎಲುಬು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಸಾಮಾನ್ಯ ಎಂ.ಆರ್.ಐ.ಯಲ್ಲಿ ಗಟ್ಟಿ ಎಲುಬೂ ಗಾಳಿಯೂ ಒಂದೇ ರೀತಿ ಕಪ್ಪು. ಬುರುಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಅದಕ್ಕೆ ಹತ್ತಿರವಿರುವ ಮಿದುಳು ಇದ್ದುದಕ್ಕಿಂತ ಮಂಕಾಗಿ ಬರುತ್ತದೆ. ಆಗ ರೋಗದ ಮಂಕು ಯಾವುದು, ಲೆಕ್ಕದ ಮಂಕು ಯಾವುದು? ಎಲ್ಲಿ ಕತ್ತರಿಸಬೇಕೆಂದು ನಿರ್ಧರಿಸುವ ವೈದ್ಯರಿಗೆ ಇದು ಸಣ್ಣ ಪ್ರಶ್ನೆಯಲ್ಲ.

ಎಲುಬಿನಿಂದ ಬಂದು ಕ್ಷಣದಲ್ಲೇ ಮಾಯವಾಗುವ ಸಂಕೇತವನ್ನು ಬೇಗ ಹಿಡಿಯುವುದು, ಅನೇಕರ ಸಿ.ಟಿ. ಚಿತ್ರಗಳ ಆಧಾರದಿಂದ ಬುರುಡೆಯನ್ನು ಅಂದಾಜಿಸುವುದು ಹೀಗೆ ಹಲವು ಉಪಾಯಗಳು ಬಂದಿವೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಂಥ 11 ವಿಧಾನಗಳನ್ನು ಸಿ.ಟಿ.ಯ ಲೆಕ್ಕದೊಂದಿಗೆ ಹೋಲಿಸಿತು. ಇಡೀ ಮಿದುಳಿನ ಸರಾಸರಿ ವ್ಯತ್ಯಾಸ ಶೇಕಡಾ 5ರ ಒಳಗಿತ್ತು.

ಸಹೋದರಿಯರೇ, ಚಿತ್ರದ ನಿಖರತೆಯಲ್ಲಿ ಮನೆಯವರ ಪಾಲೂ ಇದೆ. ಆಸ್ಪತ್ರೆಯವರು ಹೇಳಿದಷ್ಟು ಗಂಟೆ ಏನೂ ತಿನ್ನಬಾರದು. ಸಕ್ಕರೆ ಕಾಯಿಲೆ ಇದ್ದರೆ ಮುಂಚೆಯೇ ತಿಳಿಸಬೇಕು. ಬಳೆ, ಕಿವಿಯೋಲೆ, ಹಿಜಾಬಿನ ಪಿನ್ನು, ಲೋಹದ ತಾಯಿತ ಎಲ್ಲವನ್ನೂ ತೆಗೆದಿಡಬೇಕು. ಚುಚ್ಚುಮದ್ದಿನ ನಂತರ ರೋಗಿಯನ್ನು ಮಾತನಾಡಿಸಬಾರದು, ಕೈಗೆ ಮೊಬೈಲ್ ಕೊಡಬಾರದು. ಆಗ ಕೆಲಸ ಮಾಡುವ ಮಿದುಳಿನ ಭಾಗ ಹೆಚ್ಚು ಸಕ್ಕರೆ ಎಳೆದುಕೊಳ್ಳುತ್ತದೆ. ಯಂತ್ರದೊಳಗೆ ತಲೆ ಅಲುಗಿದರೂ ಚಿತ್ರ ಕದಡುತ್ತದೆ. ಪರೀಕ್ಷೆಗೆ ಒಳಗಾಗುವ ಮಹಿಳೆ ಗರ್ಭಿಣಿಯಾಗಿದ್ದರೆ ಅಥವಾ ಹಾಲುಣಿಸುತ್ತಿದ್ದರೆ ಸಂಕೋಚಪಡದೆ ಮೊದಲೇ ಹೇಳಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಕೊನೆಯ ಫಿಟ್ಸ್ ಯಾವಾಗ ಬಂತೆಂದು ವೈದ್ಯರು ಕೇಳುತ್ತಾರೆ. ಚುಚ್ಚುಮದ್ದಿನ ಹೊತ್ತಿಗೆ ಫಿಟ್ಸ್ ಬಂದರೆ ಮಂಕಾಗಬೇಕಾದ ಜಾಗವೇ ಹೊಳೆಯಬಹುದು. ಅಕ್ಕ ಓದಿದ್ದು ನಾಲ್ಕನೇ ತರಗತಿ. ಆದರೂ ಪ್ರತಿ ಫಿಟ್ಸಿನ ದಿನಾಂಕ, ಹೊತ್ತು, ಯಾವ ಕೈ ಮೊದಲು ನಡುಗಿತು ಎಂಬುದನ್ನು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ವೈದ್ಯರು ಅದನ್ನು ಪುಟ ಪುಟವಾಗಿ ಓದಿದರು. ಆಪರೇಶನ್ ವಿಷಯ ಇನ್ನೂ ತೀರ್ಮಾನವಾಗಿಲ್ಲ. ನಿಮ್ಮ ಮನೆಯಲ್ಲೂ ಇಂಥ ಮಗುವಿದ್ದರೆ ಇಂದೇ ಒಂದು ನೋಟ್‌ಬುಕ್ ತೆಗೆದಿಡಿ.