ಬೀಳೋ ಹಲ್ಲು, ಬಿಡು

ಅಕ್ಕಲಕೋಟ ತಾಲ್ಲೂಕಿನ ಹನ್ನೂರ ಕಡೆ ಆರು ವರ್ಷದ ಮಗುವಿನ ಹಲ್ಲು ಅಲ್ಲಾಡತೊಡಗಿದರೆ ಅದು ಇಡೀ ಓಣಿಯ ಸುದ್ದಿ. ಅಜ್ಜಿ ಬೆರಳಿಟ್ಟು ನೋಡುತ್ತಾಳೆ. ಕಾಕಾ ದಾರ ಕಟ್ಟಿ ಎಳೆಯುತ್ತೇನೆಂದು ಹೆದರಿಸುತ್ತಾನೆ. ಮಗು ಮಾತ್ರ ದಿನವಿಡೀ ನಾಲಗೆಯಿಂದ ಅದನ್ನೇ ನೂಕುತ್ತಿರುತ್ತದೆ. ಕಡೆಗೆ ಕೆಲಸ ಮುಗಿಸುವುದು ಎಷ್ಟೋ ಸಲ ಕಡಕ್ ರೊಟ್ಟಿಯೇ. ಸೊಲ್ಲಾಪುರ ಸೀಮೆಯ ಆ ಒಣ ಜೋಳದ ರೊಟ್ಟಿಯನ್ನು ಶೇಂಗಾ ಚಟ್ನಿ ಹಚ್ಚಿ ಕಟಕ್ಕನೆ ಕಡಿದರೆ ಹಲ್ಲು ಕೈಗೆ ಬಂತು. ಸಗಣಿ ಉಂಡೆಯೊಳಗೆ ಹುದುಗಿಸಿ ಮಾಳಿಗೆ ಮೇಲೆ ಎಸೆದರೆ ಶಾಸ್ತ್ರವೂ ಆಯಿತು.

ಇದೇನೂ ನಮ್ಮವರಿಗಷ್ಟೇ ಅಂಟಿದ ಹುಚ್ಚಲ್ಲ. ಜಪಾನಿನವರು ಕೆಳದವಡೆಯ ಹಲ್ಲನ್ನು ಮಾಡಿನ ಮೇಲಕ್ಕೂ ಮೇಲ್ದವಡೆಯದನ್ನು ಮನೆಯ ನೆಲದಡಿಗೂ ಎಸೆಯುತ್ತಾರೆ. ಸ್ಪೇನಿನ ಬಾಲರಾಜ ಹದಿಮೂರನೆಯ ಅಲ್ಫೊನ್ಸೊನ ಹಲ್ಲು ಬಿದ್ದಾಗ ಪಾದ್ರಿ ಲೂಯಿಸ್ ಕೊಲೊಮಾ ಅವನಿಗಾಗಿ ಪೆರೆಸ್ ಎಂಬ ಇಲಿಯ ಕಥೆಯನ್ನೇ ಬರೆದುಕೊಟ್ಟ.

ಹನ್ನೂರ ಕಡೆಯ ಅದೇ ಮಗುವಿನ ಮೇಲಿನ ಮುಂದಿನ ಹಲ್ಲುಗಳು ಎರಡನೇ ವರ್ಷಕ್ಕೇ ಕಂದಾಗಿದ್ದವು. ಆಗ ಓಣಿಯಲ್ಲಿ ಯಾರೂ ಬಾಯಿ ತೆರೆಸಿ ನೋಡಲಿಲ್ಲ. “ಬೀಳೋ ಹಲ್ಲದ, ಬಿಡು. ಹೊಸಾದು ಬರ್ತದ” ಎಂದು ಅಜ್ಜಿ ಅಂದಳು, ಮಾತು ಮುಗಿಯಿತು. ಗಾಬರಿಪಡಬೇಕಾದಲ್ಲಿ ಸಮಾಧಾನ, ಸಮಾಧಾನದಿಂದ ಇರಬೇಕಾದಲ್ಲಿ ಗಾಬರಿ.

ಅಲ್ಲಾಡುವುದು ದೇಹ ತಾನೇ ನಡೆಸುವ ಕೆಲಸ. ಹೊಸ ಹಲ್ಲು ಒಸಡಿನೊಳಗೆ ಬೆಳೆಯುತ್ತ ಬಂದಂತೆ ಹಾಲುಹಲ್ಲಿನ ಬೇರು ಕರಗುತ್ತದೆ. ಹಿಡಿತ ತಪ್ಪಿದ ತಲೆಯಷ್ಟೇ ಉದುರುತ್ತದೆ. ಬಿದ್ದ ಹಲ್ಲಿಗೆ ಬೇರು ಕಾಣದ್ದರಿಂದಲೇ ಹಾಲುಹಲ್ಲಿಗೆ ಬೇರೇ ಇಲ್ಲವೆಂಬ ನಂಬಿಕೆ ಹುಟ್ಟಿದ್ದಿರಬೇಕು. ಇಪ್ಪತ್ತೂ ಹಲ್ಲುಗಳ ಈ ಸರದಿ ಸುಮಾರು ಆರಕ್ಕೆ ಶುರುವಾಗಿ ಹನ್ನೆರಡರ ಹೊತ್ತಿಗೆ ಮುಗಿಯುತ್ತದೆ. ಪೆಟ್ಟು ಬೀಳದೆ ಮೂರು, ನಾಲ್ಕರ ಮಗುವಿನ ಹಲ್ಲು ಸಡಿಲಾದರೆ ಮಾತ್ರ ದವಾಖಾನೆ ಹತ್ತಲೇಬೇಕು.

ಬಣ್ಣದ ಕಥೆ ಅಷ್ಟು ಸರಳವಲ್ಲ. ಹೊಸ್ತಿಲಿಗೆ ಎಡವಿ ಬಿದ್ದ ಕೆಲವು ದಿನಕ್ಕೆ ಒಂದೇ ಹಲ್ಲು ಬೂದಿಬಣ್ಣಕ್ಕೆ ತಿರುಗಿದರೆ ಒಳಗೆ ರಕ್ತ ಇಂಗಿರುತ್ತದೆ. ಅದು ಕೆಲವೊಮ್ಮೆ ತಿಳಿಯಾಗುವುದೂ ಉಂಟು. ಅಂಗನವಾಡಿಯಲ್ಲಿ ಕೊಡುವ ಕಬ್ಬಿಣಾಂಶದ ಸಿರಪ್ಪಿನಿಂದಲೂ ಹಲ್ಲು ಕಪ್ಪಾಗಬಹುದು. ಅದು ಮೇಲಿನ ಕಲೆ, ವೈದ್ಯರು ಉಜ್ಜಿದರೆ ಹೋಗುತ್ತದೆ, ಅದಕ್ಕೆಂದು ಸಿರಪ್ ಬಿಡಿಸುವುದು ತಪ್ಪು. ಇನ್ನು ಎಲ್ಲಕ್ಕೂ ‘ನೀರಿಂದ’ ಎನ್ನುವವರಿದ್ದಾರೆ. ಪಕ್ಕದ ಕಲಬುರಗಿ, ವಿಜಯಪುರ ಜಿಲ್ಲೆಗಳ ಕೆಲವು ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚಿರುವುದು ನಿಜ, ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಹಲ್ಲಿಗೆ ಕಲೆ ಬೀಳುವುದೂ ನಿಜ. ಆದರೆ ಮುಂದಿನ ಹಾಲುಹಲ್ಲುಗಳ ಹೊರಪದರ ಬಹುಪಾಲು ತಾಯಿಯ ಹೊಟ್ಟೆಯಲ್ಲೇ ಸಿದ್ಧವಾಗಿರುವುದರಿಂದ ನೀರಿನ ಗುರುತು ಹೆಚ್ಚಾಗಿ ಕಾಣುವುದು ಆಮೇಲೆ ಬರುವ ಹಲ್ಲಿನಲ್ಲಿ.

ಎರಡು ವರ್ಷದ ಕೂಸಿನ ಮೇಲಿನ ನಾಲ್ಕೂ ಹಲ್ಲು ಕಂದಾದರೆ ಮೊದಲು ಹಾಲಿನ ಬಾಟಲಿಯನ್ನು ವಿಚಾರಿಸಿಕೊಳ್ಳಬೇಕು. ಸಕ್ಕರೆ ಹಾಕಿದ ಹಾಲು ಕುಡಿಯುತ್ತಲೇ ಮಲಗಿದ ಮಗುವಿನ ಬಾಯಲ್ಲಿ ಅದು ರಾತ್ರಿಯಿಡೀ ನಿಲ್ಲುತ್ತದೆ. ಕೆಳಗಿನ ಹಲ್ಲುಗಳಿಗೆ ನಾಲಗೆಯ ಮರೆ, ಜೊಲ್ಲಿನ ತೊಳೆತ ಇರುವುದರಿಂದ ಅವು ಉಳಿದುಕೊಳ್ಳುತ್ತವೆ. ಒಸಡಿನ ಅಂಚಿಗೆ ಸುಣ್ಣ ಎಳೆದಂಥ ಬಿಳಿ ಗೆರೆ ಅದರ ಮೊದಲ ಸೂಚನೆ. ಆ ಹಂತದಲ್ಲಿ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟಿನಿಂದ ದಿನಕ್ಕೆರಡು ಸಲ ಉಜ್ಜಿ, ರಾತ್ರಿಯ ಬಾಟಲಿ ಬಿಡಿಸಿದರೆ ಹುಳುಕನ್ನು ತಡೆಯಬಹುದು. ಅಜ್ಜಿಯ ಮಿಶ್ರಿ ಡಬ್ಬಿ ಮಾತ್ರ ಮಗುವಿನ ಕೈಗೆ ಸಿಗಬಾರದು, ಅದು ಹುರಿದು ಕುಟ್ಟಿದ ತಂಬಾಕು.

ಹುಳುಕಿಗೆ ಹಲ್ಲಿನೊಳಗಿನ ಹುಳವೇ ಕಾರಣವೆಂಬ ಮಾತನ್ನು ಫ್ರಾನ್ಸಿನ ದಂತವೈದ್ಯ ಪಿಯೆರ್ ಫೋಶಾರ್ 1728ರಲ್ಲೇ ತಳ್ಳಿಹಾಕಿದ್ದ. ಹುಳ ತೆಗೆಯುತ್ತೇವೆ ಎನ್ನುವವರು ಇನ್ನೂ ಇದ್ದಾರೆ.

ಹುಳುಕಿದ ಹಾಲುದವಡೆಯನ್ನು ‘ಬೀಳೋದು’ ಎಂದು ಬಿಟ್ಟರೆ ಬೇರಿನ ಕೀವು ಕೆಳಗಿರುವ ಹೊಸ ಹಲ್ಲಿಗೂ ಮುಟ್ಟುತ್ತದೆ. ಅವಧಿಗೆ ಮೊದಲೇ ಕಿತ್ತರೆ ಹಿಂದಿನ ದವಡೆಹಲ್ಲು ಮುಂದಕ್ಕೆ ಜಾರಿ, ಬರಬೇಕಾದ ಹಲ್ಲಿಗೆ ಜಾಗವೇ ಉಳಿಯುವುದಿಲ್ಲ. ಆ ಹಿಂದಿನದು ಬಲು ಮೋಸದ ಹಲ್ಲು. ಆರನೇ ವರ್ಷಕ್ಕೆ, ಯಾವ ಹಲ್ಲೂ ಬೀಳದೆ, ಸಾಲಿನ ಕಟ್ಟಕಡೆಗೆ ಸದ್ದಿಲ್ಲದೆ ಮೂಡುತ್ತದೆ. ಇದೂ ಹಾಲುಹಲ್ಲೇ ಎಂದು ಮನೆಯವರು ಎಣಿಸುತ್ತಾರೆ. ಹುಳುಕಾದರೆ ಹನ್ನೆರಡಕ್ಕೆ ಬಿದ್ದು ಬೇರೆ ಬರುತ್ತದೆಂದು ಕಾಯುತ್ತಾರೆ. ಅದು ಬೀಳುವ ಹಲ್ಲಲ್ಲ. ಅದರ ಜಾಗಕ್ಕೆ ಇನ್ನೊಂದು ಬರುವುದೂ ಇಲ್ಲ. 2013ರಿಂದ ನಡೆದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಹಲ್ಲನ್ನೂ ನೋಡಬೇಕೆಂಬ ನಿಯಮವಿದೆ. ಟಾರ್ಚು ಹಿಡಿದವರಿಗೆ ಬಾಯಿಯ ಆ ಹಿಂದಿನ ಮೂಲೆಯನ್ನೂ ನೋಡಿ ಎಂದು ತಾಯಂದಿರೇ ಕೇಳಬಹುದು.