ಖಾನಾಪುರದ ದಾರಿಯಲ್ಲಿ ಸುತ್ತುವ ಗಾಳಿ

ಬೆಳಗಾವಿಯ ನೆಹರು ನಗರದ ಕೆಎಲ್‌ಇ ಆಸ್ಪತ್ರೆಯ ಮುಂದಿನ ದಟ್ಟಣೆಯಲ್ಲಿ ಗೆಳೆಯನ ಹಳೆಯ ಮರ್ಸಿಡಿಸ್ ಸಿ 200 ಕಾಂಪ್ರೆಸರ್ ತೆವಳುತ್ತಿತ್ತು. ಬಾನೆಟ್ಟಿನ ಕೆಳಗೆ ಸೂಪರ್‌ಚಾರ್ಜರ್ ಇದೆಯೆಂಬ ಸುಳಿವೇ ಇಲ್ಲ. ಇರುವುದು 1.8 ಲೀಟರಿನ ಪುಟ್ಟ ಎಂಜಿನ್, ಅದರ ಕ್ರ್ಯಾಂಕಿಗೆ ಬೆಲ್ಟ್ ಹಾಕಿ ಕಟ್ಟಿದ ಒಂದು ಗಾಳಿಯಂತ್ರ. ಎಂಜಿನ್ ತಿರುಗಿದಷ್ಟು ಹೊತ್ತೂ ಅದು ತಿರುಗಲೇಬೇಕು, ತಿರುಗಿದಷ್ಟೂ ಗಾಳಿ ತಳ್ಳಲೇಬೇಕು. ಹಾಗಾದರೆ ನಾವು ಹೀಗೆ ಆಟೋಗಳ ಹಿಂದೆ ನಿಂತಿರುವಾಗ ಆ ಗಾಳಿಯೆಲ್ಲ ಎಲ್ಲಿ ಹೋಗುತ್ತಿದೆ?

‘ಎಲ್ಲಿಂದ ಬಂತೋ ಅಲ್ಲಿಗೇ ವಾಪಸ್ ಹೋಗತೈತಿ, ನೋಡಪಾ’ ಎಂದ ಗೆಳೆಯ.

ಚನ್ನಮ್ಮ ವೃತ್ತ, ಟಿಳಕವಾಡಿ ದಾಟಿ ಉದ್ಯಮಬಾಗಕ್ಕೆ ಬಂದೆವು. ಕಿಟಕಿ ಇಳಿಸಿದರೆ ಫೌಂಡ್ರಿಗಳ ಸುಟ್ಟ ಮರಳಿನ ವಾಸನೆ. ಈ ಕಾರಿನೊಳಗಿನ ಯಂತ್ರದ ವಂಶವೂ ಕುಲುಮೆಯದೇ! ಅಮೆರಿಕದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ತಿದಿ, ಕಬ್ಬಿಣ ಕರಗಿಸುವ ಕುಲುಮೆಗಳಿಗೆ ಗಾಳಿ ಊದುತ್ತಿತ್ತು. ಒಂದನ್ನೊಂದು ಮುಟ್ಟದೆ ಎದುರುಬದುರಾಗಿ ತಿರುಗುವ ಎರಡು ರೋಟರ್‌ಗಳು ಪ್ರತಿ ಸುತ್ತಿಗೂ ಇಷ್ಟೇ ಎಂಬ ಅಳತೆಯ ಗಾಳಿಯನ್ನು ಆಚೆ ದಾಟಿಸುತ್ತವೆ. ಮರ್ಸಿಡಿಸ್‌ನವರು 1921ರಲ್ಲಿ ಇಂಥ ತಿದಿಯನ್ನೇ ಸೂಪರ್‌ಚಾರ್ಜರ್ ಆಗಿ ಅಳವಡಿಸಿದ ಕಾರುಗಳನ್ನು ಪ್ರದರ್ಶನಕ್ಕೆ ತಂದರು. ಆ ಕಾಲದ ಅವರ ಕಾರುಗಳಲ್ಲಿ ಚಾಲಕ ಪೆಡಲನ್ನು ತಳಕ್ಕೆ ಅದುಮಿದರೆ ಮಾತ್ರ ತಿದಿ ಎಂಜಿನ್ನಿಗೆ ಜೋಡಣೆಯಾಗಿ ಕಿರುಚುತ್ತಿತ್ತಂತೆ. ಆ ಕಿರುಚಾಟ ಕೇಳಬೇಕೆಂಬ ಆಸೆ ನನಗೆ ಇನ್ನೂ ಇದೆ.

ಗೆಳೆಯನ ಕಾರಿನಲ್ಲಿ ಹಾಗೆ ಬಿಡಿಸಿ ಜೋಡಿಸುವ ಕ್ಲಚ್ ಇಲ್ಲ. ಬದಲಿಗೆ ತಿದಿಯ ಹೊರಬಾಯಿಯಿಂದ ಒಳಬಾಯಿಗೆ ಒಂದು ಅಡ್ಡದಾರಿ, ಅದರೊಳಗೆ ಚಿಟ್ಟೆಯಾಕಾರದ ತೆಳು ಕವಾಟ. ಅದೇ ಬೈಪಾಸ್ ವಾಲ್ವ್. ಕಾಲು ಹಗುರವಾಗಿದ್ದರೆ ಕವಾಟ ತೆರೆದಿರುತ್ತದೆ. ಎಂಜಿನ್ನಿಗೆ ಬೇಡವಾದ ಗಾಳಿ ಗಾಣದ ಎತ್ತಿನಂತೆ ಸುತ್ತಿ ಸುತ್ತಿ ತಿದಿಯ ಬಾಯಿಗೇ ಬರುತ್ತದೆ. ಎರಡೂ ಬದಿ ಒತ್ತಡ ಹೆಚ್ಚುಕಡಿಮೆ ಸಮ, ಆದ್ದರಿಂದ ತಿದಿ ತಿರುಗಿಸಲು ಎಂಜಿನ್ ಕಳೆದುಕೊಳ್ಳುವ ಶಕ್ತಿ ಅಲ್ಪ. ಪೆಡಲ್ ಒತ್ತಿದರೆ ಕವಾಟ ಮುಚ್ಚುತ್ತದೆ, ಗಾಳಿಗೆ ಸಿಲಿಂಡರ್ ಬಿಟ್ಟರೆ ಬೇರೆ ದಾರಿ ಉಳಿಯುವುದಿಲ್ಲ, ಒತ್ತಡ ಏರುತ್ತದೆ. ಅನೇಕ ಕಾರುಗಳಲ್ಲಿ ಇದನ್ನೆಲ್ಲ ಒಂದು ರಬ್ಬರ್ ಪರದೆ ಮತ್ತು ಸ್ಪ್ರಿಂಗ್ ನಿಭಾಯಿಸುತ್ತವೆ: ಎಂಜಿನ್ ಹೀರುವಾಗ ಮ್ಯಾನಿಫೋಲ್ಡಿನಲ್ಲಿ ಹುಟ್ಟುವ ನಿರ್ವಾತ ಪರದೆಯನ್ನು ಎಳೆದು ಕವಾಟ ತೆರೆಯುತ್ತದೆ, ಥ್ರಾಟಲ್ ತೆರೆದು ನಿರ್ವಾತ ಕುಸಿದರೆ ಸ್ಪ್ರಿಂಗ್ ಮುಚ್ಚುತ್ತದೆ. ವಿದ್ಯುತ್ತಿಲ್ಲ, ಲೆಕ್ಕವಿಲ್ಲ! ಈ ಕಾರಿನಲ್ಲಿ ಆ ಕೆಲಸಕ್ಕೆ ಕಂಪ್ಯೂಟರ್ ಮತ್ತು ಸಣ್ಣ ಮೋಟಾರು ಇವೆ. ನನಗೆ ರಬ್ಬರ್ ಪರದೆಯದೇ ಹೆಚ್ಚು ಸೋಜಿಗ.

ಪೀರನವಾಡಿಯಲ್ಲಿ ಚೋರ್ಲಾ ಘಾಟಿನ ರಸ್ತೆಯನ್ನು ಬಿಟ್ಟು ನೇರ ಹೊರಟು, ಮಚ್ಛೆಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ದಾಟಿದ ಮೇಲೆ ರಸ್ತೆ ಬಿಡುವಾಯಿತು. ಮುಂದೊಂದು ಕಬ್ಬಿನ ಟ್ರ್ಯಾಕ್ಟರ್. ಗೆಳೆಯ ಪೆಡಲ್ ಒತ್ತಿದ. ಇಷ್ಟು ಹೊತ್ತು ಇಲ್ಲದ ಒಂದು ಸಣ್ಣ ಸಿಳ್ಳು ಬಾನೆಟ್ಟಿನಿಂದ ಎದ್ದು, ಬೆನ್ನು ಸೀಟಿಗೆ ಅಂಟಿತು. ಬೆಳಗಾವಿ ಇರುವುದು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ. ಇಲ್ಲಿ ಗಾಳಿಯ ಒತ್ತಡ ಗೋವಾದ ಕಡಲತಡಿಗಿಂತ ಶೇ. 8ರಷ್ಟು ಕಡಿಮೆ. ಮುಚ್ಚಿದ ಆ ಕವಾಟದ ಹಿಂದೆ ಕೊರತೆ ತುಂಬಿ, ಮಿಕ್ಕಿದ್ದೂ ಸಿಲಿಂಡರಿಗೆ ಸೇರುತ್ತಿತ್ತು.

ಟ್ರ್ಯಾಕ್ಟರ್ ಹಿಂದಾಯಿತು, ಗೆಳೆಯ ಕಾಲೆತ್ತಿದ, ಸಿಳ್ಳು ನಿಂತಿತು. ಈ ಕ್ಷಣದಲ್ಲೇ ವಾಲ್ವಿಗೆ ನಿಜವಾದ ಪರೀಕ್ಷೆ. ಥ್ರಾಟಲ್ ಮುಚ್ಚಿದೆ, ತಿದಿ ಮಾತ್ರ ಇನ್ನೂ ಗಾಳಿ ದೂಡುತ್ತಲೇ ಇದೆ. ಅಡ್ಡದಾರಿ ತೆರೆಯದಿದ್ದರೆ ನಡುವಿನ ಕೊಳವೆಯಲ್ಲಿ ಒತ್ತಡವೂ ಬಿಸಿಯೂ ಏರಿ ಕೊಳವೆಯ ಜೋಡಣೆ ಕಳಚಬಹುದು. ಕೆಲವು ಟರ್ಬೊ ಕಾರುಗಳು ಇಂಥ ಗಾಳಿಯನ್ನು ಹೊರಕ್ಕೆ ‘ಪುಸ್’ ಎಂದು ಬಿಟ್ಟು ಹುಡುಗರನ್ನು ಖುಷಿಪಡಿಸುತ್ತವೆ. ಈ ಕಾರು ಸದ್ದಿಲ್ಲದೆ ಒಳಗೇ ತಿರುಗಿಸಿಕೊಳ್ಳುತ್ತದೆ.

ಖಾನಾಪುರದಲ್ಲಿ, ಮಲಪ್ರಭಾ ಸೇತುವೆಯ ಹತ್ತಿರ, ಬಾನೆಟ್ ಎತ್ತಿಸಿ ಕವಾಟ ಹುಡುಕಿದೆ. ಕಂಡದ್ದು ಬೆಲ್ಟ್, ಕೊಳವೆ, ಪ್ಲಾಸ್ಟಿಕ್ಕು. ‘ಬಿಚ್ಚಿದ್ರ ಮಾತ್ರ ಕಾಣತೈತಿ’ ಎಂದು ನಕ್ಕ ಗೆಳೆಯ ಚಹಾದಂಗಡಿಗೆ ನಡೆದ. ಮರಳುವಾಗ ಜಾಂಬೋಟಿಯ ಮೇಲೆ ಹೋಗೋಣವೆಂದು ನಾನೇ ಹಟ ಹಿಡಿದೆ; ಆ ಕಾಡುರಸ್ತೆಯಲ್ಲಿ ಏರಿಳಿತ ಹೆಚ್ಚು, ಸಿಳ್ಳೂ ಹೆಚ್ಚು ಸಲ ಕೇಳಿಸೀತು.